ಮೊಟ್ಟೆಯಿಲ್ಲದೆಯೇ ಹುಟ್ಟಿದ ಬಿಸ್ಕತ್ತು, ಸಿಹಿ ಬ್ರೆಡ್ಡುಗಳು: ನಮ್ಮ ಸೀಮೆಯ ಅಡುಗೆಮನೆಗಳಲ್ಲಿ

ಬಾಳೆಹಿತ್ತಿಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಹೋದ ಯುಗಾದಿಗೆ ಬಂದಿದ್ದ ಮಗಳು 30 ಲೀಟರಿನ ಓಟಿಜಿಯೊಂದನ್ನು (ಕಟ್ಟೆಯ ಮೇಲಿಡುವ ಸಣ್ಣ ವಿದ್ಯುತ್ ಓವನ್) ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದಳು. ಅಂದಿನಿಂದ ನಾನು ಹೊರನಾಡುಗಳ ಬಿಸ್ಕತ್ತು ಮತ್ತು ಸಿಹಿ ಬ್ರೆಡ್ಡುಗಳನ್ನು ಮನೆಯಲ್ಲೇ ಮಾಡಲು ಕಲಿಯುತ್ತಿದ್ದೇನೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಅತ್ತೆಯವರಿಗೆ 81 ವರ್ಷ. ಅವರಿರುವವರೆಗೆ ಅದು ಬರುವುದೂ ಇಲ್ಲ, ನನಗೆ ಆ ಬಗ್ಗೆ ತಕರಾರೂ ಇಲ್ಲ. ಆದರೆ ಮೊಟ್ಟೆ ಹಾಕಿಯೇ ಮಾಡಬೇಕಾದ ತಿಂಡಿಗೆ ಮೊಸರು, ಅಗಸೆ ಬೀಜದ ಪುಡಿ, ಬಾಳೆಹಣ್ಣು, ಕಂಡೆನ್ಸ್ಡ್ ಮಿಲ್ಕ್ ಎಂದು ಒಂದೊಂದನ್ನೇ ಸುರಿದು ನೋಡಿದ್ದಾಯಿತು. ಪ್ರತಿ ಸಲವೂ ಸಿಕ್ಕಿದ್ದು ಅತ್ತ ಬಿಸ್ಕತ್ತೂ ಅಲ್ಲದ, ಇತ್ತ ಕೇಕೂ ಅಲ್ಲದ ಒಂದು ಮೆತ್ತನೆಯ ವಸ್ತು.

ಆದ್ದರಿಂದ ನನಗೊಂದು ಯೋಚನೆ ಬಂದಿದೆ. ಮೊಟ್ಟೆಯನ್ನು ಕಿತ್ತು ಅದರ ಜಾಗಕ್ಕೆ ಮತ್ತೊಂದನ್ನು ತುರುಕುವ ಬದಲು, ತಮ್ಮ ಊರಿನಲ್ಲೇ ಮೊಟ್ಟೆಯಿಲ್ಲದೆ ಹುಟ್ಟಿದ ತಿಂಡಿಗಳನ್ನು ಹುಡುಕಿ ಕಲಿಯಬಾರದೇಕೆ? ಸ್ಕಾಟ್‌ಲೆಂಡಿನ ಶಾರ್ಟ್‌ಬ್ರೆಡ್ ಅಂಥದ್ದು. ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಎಲ್ಲವೂ ತೂಕದಲ್ಲಿ. ಅಷ್ಟೇ ಅದರ ಲೆಕ್ಕ. ಮೂರು ಪಾಲು ಮೈದಾದಲ್ಲಿ ಸ್ವಲ್ಪವನ್ನು ತೆಗೆದು ಅಕ್ಕಿಹಿಟ್ಟು ಬೆರೆಸಿದರೆ ಗರಿಗರಿ ಹೆಚ್ಚುತ್ತದೆ ಎಂಬುದು ಅಲ್ಲಿನವರಿಗೂ ಗೊತ್ತಂತೆ. ಚಕ್ಕುಲಿ, ನಿಪ್ಪಟ್ಟು ಮಾಡುವ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 300 ಗ್ರಾಂ ಹಿಟ್ಟಿನಲ್ಲಿ 50 ಗ್ರಾಂ ಅಕ್ಕಿಹಿಟ್ಟು ಹಾಕಿ 160 ಡಿಗ್ರಿಯಲ್ಲಿ ಬೇಯಿಸಿದ ಶಾರ್ಟ್‌ಬ್ರೆಡ್ಡನ್ನು ಅತ್ತೆಯವರು ಬಾಯಿಗಿಟ್ಟು, "ಇದು ನಾನ್‌ಖಟಾಯಿಯ ತಂಗಿಯಲ್ಲವೇನೆ" ಎಂದರು. ಮೆಚ್ಚುಗೆಯೆಂದೇ ತಿಳಿದುಕೊಂಡಿದ್ದೇನೆ.

ಗೆದ್ದದ್ದು ಅದೊಂದೇ. ಸೋತದ್ದನ್ನೂ ಹೇಳಬೇಕು. ಅಮೆರಿಕದ ಓಟ್ಸ್ ಬಿಸ್ಕತ್ತಿನ ವಿಧಾನವೊಂದರಲ್ಲಿ ಓವನ್ 350ಕ್ಕಿರಲಿ ಎಂದಿತ್ತು. ನಮ್ಮ ಓವನ್ನಿನ ಕೊನೆಯ ಅಂಕಿಯೇ 250. ಇರುವಷ್ಟಾದರೂ ಇರಲಿ ಎಂದು ಪೂರ್ತಿ ತಿರುಗಿಸಿದೆ. ಆರು ನಿಮಿಷದಲ್ಲಿ ಅಂಚು ಇದ್ದಿಲಾಯಿತು, ನಡುವೆ ಹಸಿಹಿಟ್ಟು ಉಳಿಯಿತು. ಅದು ಫ್ಯಾರನ್‌ಹೀಟ್ ಎಂದು ಮಗಳು ಫೋನಿನಲ್ಲಿ ನಕ್ಕ ಮೇಲೆ ಗೊತ್ತಾಯಿತು. ಎರಡನೆಯ ಸಲ 175 ಡಿಗ್ರಿಗೆ ಇಟ್ಟೆ. ಈ ಬಾರಿ ಹನ್ನೆರಡು ಬಿಸ್ಕತ್ತುಗಳೂ ಕರಗಿ ಹರಡಿ, ತಟ್ಟೆಯ ತುಂಬ ಒಂದೇ ದೋಸೆಯಾದವು. ಇದು ಬೆಣ್ಣೆಯ ತಪ್ಪೋ, ಸಕ್ಕರೆಯ ತಪ್ಪೋ, ನಮ್ಮ ಊರಿನ ಎತ್ತರದ ತಪ್ಪೋ ತಿಳಿದವರು ಹೇಳಬೇಕು. ಜೊತೆಗೆ, ಮೊಟ್ಟೆಯಿಲ್ಲದೆ ಹುಟ್ಟಿದ ತಿಂಡಿ ಯಾವುದಾದರೂ ತಮಗೆ ಗೊತ್ತಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.

ಬೇಕರಿ ಮನೆತನ (ಹಾಸನ)

ಅಮ್ಮ, ತಮ್ಮ ಬೆಣ್ಣೆ ಮನೆಯಲ್ಲಿ ಕಡೆದದ್ದೇ? ಹಾಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ ಶೇಕಡಾ 80ರಷ್ಟಿರಬೇಕೆಂಬ ನಿಯಮವಿದೆ. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಎಷ್ಟು ಉಳಿದಿದೆಯೆಂಬುದು ಕಡೆದವರ ಕೈಯನ್ನು ಅವಲಂಬಿಸಿದ್ದು. ಆ ನೀರೇ ಬಿಸ್ಕತ್ತನ್ನು ಹರಡಿಸುತ್ತದೆ. ಮನೆಯ ಬೆಣ್ಣೆಯನ್ನೇ ಬಳಸುವುದಾದರೆ ಕಾಯಿಸಿ ತುಪ್ಪ ಮಾಡಿ, ವಿಧಾನದಲ್ಲಿ 100 ಗ್ರಾಂ ಬೆಣ್ಣೆ ಎಂದಿರುವಲ್ಲಿ 80 ಗ್ರಾಂ ತುಪ್ಪ ಮತ್ತು ಮೂರು ಸಣ್ಣ ಚಮಚ ತಣ್ಣನೆಯ ಹಾಲು ಹಾಕಿರಿ. ತುಪ್ಪ ಮರಳುಮರಳಾಗಿ ಗಟ್ಟಿಯಾಗಿರಬೇಕು, ಕರಗಿರಬಾರದು.

ಇನ್ನರ್ಧ ಉತ್ತರ ಅಳತೆಯಲ್ಲಿದೆ. ಅಮೆರಿಕದವರ ಕಪ್ಪು ಸುಮಾರು 240 ಮಿಲಿಲೀಟರಿನದು, ಅದರಲ್ಲಿ ಸಡಿಲವಾಗಿ ತುಂಬಿದ ಮೈದಾ 120ರಿಂದ 125 ಗ್ರಾಂ ತೂಗುತ್ತದೆ. ನಾವು ಕಾಫಿ ಲೋಟದಲ್ಲಿ ಅಳೆದರೆ ಲೆಕ್ಕ ಎಲ್ಲಿಂದ ಸರಿಬರಬೇಕು? ತೂಕದ ಯಂತ್ರವೊಂದನ್ನು ಕೊಂಡುಕೊಳ್ಳಿ. ಓವನ್ನಿಗಿಂತ ಮೊದಲು ಕೊಳ್ಳಬೇಕಾದದ್ದು ಅದು. ಕಲಸಿದ ಹಿಟ್ಟನ್ನು ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಟ್ಟು ಬಳಿಕ ತಟ್ಟೆಗೆ ಇಡಿರಿ.

ನಮ್ಮ ಜಿಲ್ಲೆಯವರಿಗೆ ಈ ಕಸುಬು ಹೊಸದೇನಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭಿಸಿದ ಅಂಗಡಿಯೇ ಅಯ್ಯಂಗಾರ್ ಬೇಕರಿಗಳ ಮೂಲವೆಂದು ಎಲ್ಲರೂ ಹೇಳುತ್ತಾರೆ. ಇಂದಿಗೂ ಊರೂರಿನ ಅಯ್ಯಂಗಾರ್ ಬೇಕರಿಗಳನ್ನು ನಡೆಸುವವರಲ್ಲಿ ಬಹಳ ಮಂದಿಯ ಬೇರು ಹಾಸನದ ಹಳ್ಳಿಗಳಲ್ಲಿದೆ. ಮೊಟ್ಟೆಯಿಲ್ಲದೆ ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು, ಸಿಹಿ ಬನ್ನು, ದಿಲ್‌ಪಸಂದ್ ಮಾಡಿ ಹೊಟ್ಟೆ ಹೊರೆದವರು ನಾವು. ತಾವು ಹುಡುಕುತ್ತಿರುವುದನ್ನು ನಮ್ಮ ಹಿರಿಯರು ಬೇರೆ ದಿಕ್ಕಿನಿಂದ ಹುಡುಕಿದ್ದರು.

ಬಾಳೆಹಿತ್ತಿಲು (ಚಿಕ್ಕಮಗಳೂರು)

ಬೆಣ್ಣೆ ಮನೆಯದೇ. ಕಡೆದದ್ದು ನಾನೇ. ಕೈಯ ಬಗ್ಗೆ ತಾವು ಹೇಳಿದ್ದನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತೇನೆ.

ನಿವೃತ್ತ ರಸಾಯನ ಮೇಷ್ಟ್ರು (ಹಾಸನ)

ಎತ್ತರದ ಪ್ರಶ್ನೆಗೆ ಉತ್ತರಿಸುತ್ತೇನೆ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಚಿಕ್ಕಮಗಳೂರು ತುಸು ಹೆಚ್ಚು. ಇಲ್ಲಿ ನೀರು 100 ಡಿಗ್ರಿಗಲ್ಲ, 97ರ ಹತ್ತಿರದಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗುತ್ತದೆ, ತೇವ ಬೇಗ ಆರುತ್ತದೆ, ಉಳಿದ ನೀರಿನಲ್ಲಿ ಸಕ್ಕರೆಯ ಪ್ರಮಾಣ ಏರುತ್ತದೆ. ಹೊರದೇಶದ ಪಾಕ ಪುಸ್ತಕಗಳು ಸಾಮಾನ್ಯವಾಗಿ 3000 ಅಡಿಯಿಂದ ಮೇಲಕ್ಕೆ ಅಳತೆಗಳನ್ನು ತಿದ್ದಿಕೊಳ್ಳಬೇಕೆಂದು ಹೇಳುತ್ತವೆ. ನಾವು ಸರಿಯಾಗಿ ಆ ಗೆರೆಯ ಮೇಲೇ ಕುಳಿತಿದ್ದೇವೆ. ಹಾಗಾಗಿ ಪರಿಣಾಮವಿದೆ, ಆದರೆ ಅಲ್ಪ. ಬೇಕಿಂಗ್ ಪೌಡರನ್ನು ಎಂಟನೆಯ ಒಂದು ಭಾಗದಷ್ಟು ಇಳಿಸಿದರೆ, ಒಂದೆರಡು ಚಮಚ ಹಾಲು ಹೆಚ್ಚಿಸಿದರೆ ಸಾಕು. ಹನ್ನೆರಡು ಬಿಸ್ಕತ್ತು ಒಂದು ದೋಸೆಯಾದದ್ದನ್ನು ಬಾಬಾಬುಡನ್‌ಗಿರಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಗೋಥೆನ್‌ಬರ್ಗಿನಿಂದ ಮರಳಿದವಳು (ಹಾಸನ)

ಪತಿಯ ಉದ್ಯೋಗದ ನಿಮಿತ್ತ ಒಂಬತ್ತು ವರ್ಷ ಸ್ವೀಡನ್ನಿನಲ್ಲಿದ್ದು ಬಂದವಳು ನಾನು. ಬಾಳೆಹಿತ್ತಿಲು ಅವರ ಪಟ್ಟಿಗೆ ಅಲ್ಲಿನ ಏಲಕ್ಕಿ ಬನ್ನನ್ನು ಸೇರಿಸಲೇಬೇಕು. ಇದಕ್ಕೆ ಕಾರ್ಡೆಮುಮ್ಮಬುಲ್ಲೆ ಎಂದು ಹೆಸರು. ಅಲ್ಲಿ ಇಳಿದ ಮೊದಲ ವಾರ, ಹೊರಗೆ ಹಿಮ ಬೀಳುತ್ತಿರುವಾಗ, ಬೀದಿಯ ತಿರುವಿನ ಬೇಕರಿಯ ಬಾಗಿಲು ತೆರೆದದ್ದೇ ತಡ, ನಮ್ಮ ಅಜ್ಜಿಯ ಮನೆಯ ಪಾಯಸದ ಪರಿಮಳ ಬಂದಿತು. ಕಣ್ಣಲ್ಲಿ ನೀರು ಬಂದಿತ್ತೆಂದು ಹೇಳಲು ಈಗ ಸಂಕೋಚವಿಲ್ಲ. ಉತ್ತರದ ಆ ದೇಶಗಳವರಿಗೆ ನಮ್ಮ ಘಟ್ಟದ ಗಿಡದ ಮೇಲೆ ಇರುವ ಪ್ರೀತಿ ಬೇರೆ ಯುರೋಪಿನವರಿಗಿಲ್ಲ. ಫಿನ್‌ಲೆಂಡಿನ ಪುಲ್ಲಾ ಎಂಬ ಜಡೆ ಬ್ರೆಡ್ಡಿಗೂ ಏಲಕ್ಕಿಯೇ ಜೀವ.

ನಾನು ಮಾಡುವ ಅಳತೆ ಇದು. ಮೈದಾ 425 ಗ್ರಾಂ, ಬೆಚ್ಚಗಿನ ಹಾಲು 250 ಮಿಲಿ, ಸಕ್ಕರೆ 65 ಗ್ರಾಂ, ಬೆಣ್ಣೆ 75 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಉಪ್ಪು ಅರ್ಧ ಚಮಚ, ಏಲಕ್ಕಿ ಎರಡು ಚಮಚ. ಏಲಕ್ಕಿಯನ್ನು ಪಾಯಸಕ್ಕೆ ಮಾಡುವಂತೆ ನುಣ್ಣಗೆ ಪುಡಿ ಮಾಡಬಾರದು. ಸಿಪ್ಪೆ ಬಿಡಿಸಿ, ಕಾಳನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಬೇಕು. ಹಲ್ಲಿಗೆ ಸಿಕ್ಕಾಗಲೇ ಅದರ ಸೊಗಸು. ಹಿಟ್ಟು ನಾದಿ, ಉಬ್ಬಲು ಬಿಟ್ಟು, ಲಟ್ಟಿಸಿ, ಬೆಣ್ಣೆ, ಸಕ್ಕರೆ ಮತ್ತು ಇನ್ನಷ್ಟು ಏಲಕ್ಕಿ ಸವರಿ, ಮಡಚಿ, ಉದ್ದಕ್ಕೆ ಪಟ್ಟಿ ಕತ್ತರಿಸಿ, ಮಲ್ಲಿಗೆ ದಂಡೆ ಸುತ್ತುವ ಹಾಗೆ ಎರಡು ಬೆರಳಿಗೆ ಸುತ್ತಿ ಗಂಟು ಹಾಕುವುದು. ಮತ್ತೆ ಮುಕ್ಕಾಲು ಗಂಟೆ ಬಿಟ್ಟು, 220 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸುವುದು.

ಹಿಟ್ಟಿಗೆ ಮೊಟ್ಟೆ ಇಲ್ಲ. ಮೇಲೆ ಹೊಳಪಿಗಾಗಿ ಅವರು ಸವರುತ್ತಾರೆ. ನಾನು ಹಾಲು ಸವರಿ ಬೇಯಿಸಿ, ಹೊರತೆಗೆದೊಡನೆ ಒಂದೆಳೆ ಪಾಕ ಹಚ್ಚುತ್ತೇನೆ. ಅಲ್ಲಿ ಮೇಲೆ ಉದುರಿಸುವ ಮುತ್ತಿನಂಥ ದಪ್ಪ ಸಕ್ಕರೆ ಇಲ್ಲಿ ಸಿಗುವುದಿಲ್ಲವೆಂದು ಒಂದು ವರ್ಷ ಪೇಚಾಡಿದೆ. ಕೊನೆಗೆ ದೇವರ ಮನೆಯಲ್ಲಿದ್ದ ಕಲ್ಲುಸಕ್ಕರೆ ಕಣ್ಣಿಗೆ ಬಿತ್ತು. ಕುಟ್ಟಿ ಉದುರಿಸಿದರೆ ಅದೇ ಇದು.

ಏಲಕ್ಕಿ ಗುಡ್ಡ (ಸಕಲೇಶಪುರ)

ಅಕ್ಕನವರ ಬರಹ ಓದಿ ಬಹಳ ಸಂತೋಷವಾಯಿತು. ಏಲಕ್ಕಿ ಬೆಳೆಯುವವನಾಗಿ ಒಂದು ಮಾತು. ಪಶ್ಚಿಮ ಘಟ್ಟವೇ ಈ ಗಿಡದ ತವರು. ಮೂಡಿಗೆರೆಯ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ 'ಮೂಡಿಗೆರೆ 1' ತಳಿ ನಮ್ಮ ಸೀಮೆಯ ತೋಟಗಳಲ್ಲಿದೆ. ಆದರೂ ಇಂದು ಲೋಕದ ಮಾರುಕಟ್ಟೆಗೆ ಏಲಕ್ಕಿ ಕಳುಹಿಸುವುದರಲ್ಲಿ ಗ್ವಾಟೆಮಾಲ ನಮ್ಮನ್ನು ಹಿಂದೆ ಹಾಕಿದೆ. ಆದ್ದರಿಂದ ಅಕ್ಕನವರನ್ನು ಅಳಿಸಿದ ಪರಿಮಳ ನಮ್ಮ ಘಟ್ಟದ್ದೇ ಎಂದು ಎದೆ ತಟ್ಟಿಕೊಳ್ಳಲು ಧೈರ್ಯ ಸಾಲದು.

ಕೊಳ್ಳುವಾಗ ಹಸಿರು ಬಣ್ಣಕ್ಕೆ ಮರುಳಾಗದೆ ಕಾಯಿ ಒಡೆದು ನೋಡಿರಿ. ಒಳಗಿನ ಕಾಳು ಕಪ್ಪಗೆ, ಅಂಟಂಟಾಗಿ ಇರಬೇಕು. ಒಣಗಿ ಕಂದಾಗಿದ್ದರೆ ಎರಡು ಚಮಚದ ಜಾಗಕ್ಕೆ ನಾಲ್ಕು ಹಾಕಿದರೂ ಪ್ರಯೋಜನವಿಲ್ಲ. ಇನ್ನೊಂದು ಸಂದೇಹ: ನಮ್ಮಲ್ಲಿ ಆಷಾಢದಲ್ಲಿ ಹಿಟ್ಟು ಉಬ್ಬುವುದೇ ಇಲ್ಲ. ದೋಸೆ ಹಿಟ್ಟೇ ಹುದುಗು ಬರಲು ಮರುದಿನ ಮಧ್ಯಾಹ್ನವಾಗುತ್ತದೆ. ಯೀಸ್ಟ್ ಹೆಚ್ಚಿಸಬೇಕೇ?

ನಿವೃತ್ತ ರಸಾಯನ ಮೇಷ್ಟ್ರು (ಹಾಸನ)

ಹೆಚ್ಚಿಸಬೇಡಿ. ಯೀಸ್ಟ್ ಹೆಚ್ಚಾದರೆ ಹಿಟ್ಟು ಹುಳಿ ಹೆಂಡದಂತೆ ನಾರುತ್ತದೆ. ಕೊರತೆಯಿರುವುದು ಬಿಸಿಯದು, ಯೀಸ್ಟಿನದಲ್ಲ. ಸಕ್ಕರೆಯ ಒಂದು ತೊಡಕೂ ಇದೆ. ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳಿನ ನೀರೆಲ್ಲ ಹೊರಗೆ ಬರುವುದನ್ನು ನೋಡಿದ್ದೀರಿ. ಸಕ್ಕರೆಯೂ ಯೀಸ್ಟಿನ ಕಣದಿಂದ ಹಾಗೆಯೇ ನೀರನ್ನು ಸೆಳೆಯುತ್ತದೆ. ಹಿಟ್ಟಿನ ತೂಕದ ಹತ್ತನೆಯ ಒಂದು ಭಾಗಕ್ಕಿಂತ ಸಕ್ಕರೆ ಹೆಚ್ಚಿರುವ ಸಿಹಿ ಬ್ರೆಡ್ಡುಗಳು ಎಲ್ಲ ಊರಿನಲ್ಲೂ ನಿಧಾನವಾಗಿಯೇ ಉಬ್ಬುತ್ತವೆ. ಅದನ್ನು ಆತುರಪಡಿಸಿದರೆ ಕೆಡುತ್ತದೆ. ಚಕ್ಕೆಯ ಪುಡಿಯನ್ನು ಹಿಟ್ಟಿಗೇ ಕಲಸುವವರೂ ಇದ್ದಾರೆ. ಚಕ್ಕೆಯ ಎಣ್ಣೆ ಯೀಸ್ಟನ್ನು ಕುಗ್ಗಿಸುತ್ತದೆ, ಆದ್ದರಿಂದ ಅದನ್ನು ಒಳಗೆ ಸವರುವ ಹೂರಣಕ್ಕೇ ಮೀಸಲಿಡಿ.

ಬಾಳೆಹಿತ್ತಿಲು (ಚಿಕ್ಕಮಗಳೂರು)

ಬಿಸಿಗೆ ನಮ್ಮ ಮನೆಯಲ್ಲೊಂದು ಉಪಾಯವಿದೆ. ಬೆಳಿಗ್ಗೆ ಸ್ನಾನಕ್ಕೆ ಬಚ್ಚಲೊಲೆ ಉರಿಸಿ ಆರಿಸಿದ ಬಳಿಕ ಹಂಡೆಯ ಪಕ್ಕದ ಕಟ್ಟೆ ಮಧ್ಯಾಹ್ನದವರೆಗೆ ಬೆಚ್ಚಗಿರುತ್ತದೆ. ಹಿಟ್ಟಿನ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ ಅಲ್ಲಿಟ್ಟರೆ ಒಂದೂವರೆ ಗಂಟೆಯಲ್ಲಿ ಇಮ್ಮಡಿಯಾಗುತ್ತದೆ. ಬಚ್ಚಲೊಲೆ ಇಲ್ಲದವರು ಓವನ್ನಿನೊಳಗೆ ಒಂದು ಪಾತ್ರೆ ಬಿಸಿನೀರಿಟ್ಟು, ಅದರ ಪಕ್ಕದಲ್ಲಿ ಹಿಟ್ಟನ್ನಿಟ್ಟು ಬಾಗಿಲು ಮುಚ್ಚಬಹುದು.

ಮುದ್ದೆ ಪಕ್ಷ (ಬೇಲೂರು)

ಇಷ್ಟೊಂದು ಮೈದಾ, ಇಷ್ಟೊಂದು ಬೆಣ್ಣೆ ಯಾಕೆ ಬೇಕು ಎಂದು ಕೇಳುವವರು ಇಲ್ಲಿ ಒಬ್ಬರಾದರೂ ಇರಬೇಕಲ್ಲ, ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಬ್ರೆಡ್ಡಿಗೆ ಪೂರ್ತಿ ರಾಗಿಹಿಟ್ಟನ್ನೇ ಬಳಸಲು ಸಾಧ್ಯವೇ?

ಬೇಕರಿ ಮನೆತನ (ಹಾಸನ)

ಸಾಧ್ಯವಿಲ್ಲ. ರಾಗಿಯಲ್ಲಿ ಗ್ಲುಟನ್ ಇಲ್ಲ, ಉಬ್ಬಿದ ಅನಿಲವನ್ನು ಹಿಡಿದಿಡುವ ಜಿಗುಟು ಅದಕ್ಕಿಲ್ಲ. ಶಾರ್ಟ್‌ಬ್ರೆಡ್ಡಿನಂಥ ಬಿಸ್ಕತ್ತಿಗಾದರೆ ಧಾರಾಳವಾಗಿ ಅರ್ಧಕ್ಕರ್ಧ ಹಾಕಿ. ಅಲ್ಲಿ ಜಿಗುಟು ಇಲ್ಲದಿರುವುದೇ ಗುಣ. ರಾಗಿಯನ್ನು ಮೊದಲು ಘಮ್ಮೆನ್ನುವವರೆಗೆ ಹುರಿದುಕೊಳ್ಳಿ. ಬೆಣ್ಣೆಯ ವಿಷಯದಲ್ಲಿ ಮಾತ್ರ ತಮ್ಮ ಪಕ್ಷದೊಂದಿಗೆ ರಾಜಿ ಸಾಧ್ಯವಿಲ್ಲ.

ಕೋಟೆ ಪಕ್ಕದ ಮನೆ (ಚಿಕ್ಕಮಗಳೂರು)

ಎಲ್ಲರಿಗೂ ಸಲಾಂ. ನನ್ನ ಅಕ್ಕ ಮಸ್ಕತ್ತಿನಲ್ಲಿದ್ದಾಳೆ. ಅವಳ ನೆರೆಯ ಸಿರಿಯಾ ಮೂಲದ ಹೆಂಗಸೊಬ್ಬರಿಂದ ಕಲಿತು ಅವಳು ನನಗೆ ಕಲಿಸಿದ್ದು ಮಾಮೂಲ್ ಎಂಬ ಬಿಸ್ಕತ್ತು. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್ ಕಡೆಯಲ್ಲಿ ಈದ್ ಹಬ್ಬಕ್ಕೆ ಮುಸಲ್ಮಾನರೂ ಈಸ್ಟರ್ ಹಬ್ಬಕ್ಕೆ ಕ್ರೈಸ್ತರೂ ಇದನ್ನೇ ಮಾಡುತ್ತಾರೆ. ಇದರಲ್ಲಿ ಮೊಟ್ಟೆಯೂ ಇಲ್ಲ, ಮೈದಾ ಇಲ್ಲದಿದ್ದರೂ ನಡೆಯುತ್ತದೆ.

ಬಾಳೆಹಿತ್ತಿಲು ಅಕ್ಕ, ಹೋಳಿಗೆಗೆ ಕಣಕ ನೆನೆಸುವವರಿಗೆ ಇದು ಬಹಳ ಸುಲಭ. 500 ಗ್ರಾಂ ಚಿರೋಟಿ ರವೆಗೆ 230 ಗ್ರಾಂ ತುಪ್ಪ ಕರಗಿಸಿ ಹಾಕಿ, ಎರಡು ಅಂಗೈಗಳ ನಡುವೆ ಉಜ್ಜುತ್ತಾ ಪ್ರತಿ ಕಾಳಿಗೂ ತುಪ್ಪ ಹತ್ತುವಂತೆ ಮಾಡಿ, ಮುಚ್ಚಿ ರಾತ್ರಿಯಿಡೀ ಬಿಡಬೇಕು. ಮರುದಿನ ನಾಲ್ಕು ಚಮಚ ಸಕ್ಕರೆ ಪುಡಿ, ಗುಲಾಬಿ ನೀರು ಮತ್ತು ಸ್ವಲ್ಪ ಹಾಲು ಚಿಮುಕಿಸಿ ಹಗುರವಾಗಿ ಕಲಸಬೇಕು, ನಾದಬಾರದು. ಬೀಜ ತೆಗೆದ ಖರ್ಜೂರವನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ ಅರೆದರೆ ಹೂರಣ. ಉಂಡೆ ಮಾಡಿ, ನಡುವೆ ಹೂರಣವಿಟ್ಟು ಮುಚ್ಚಿ, ಕೆತ್ತನೆಯ ಮರದ ಅಚ್ಚಿನಲ್ಲಿ ಒತ್ತಿ, ಅಚ್ಚಿನ ಅಂಚನ್ನು ಮಣೆಗೆ ಬಡಿದರೆ ಬಿಸ್ಕತ್ತು ಉದುರುತ್ತದೆ. 190 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ. ತಳ ಮಾತ್ರ ಕೆಂಪಗಾಗಬೇಕು, ಮೇಲ್ಭಾಗ ಬೆಳ್ಳಗೇ ಇರಬೇಕು. ಅಲ್ಲಿನ ಮನೆಗಳಲ್ಲಿ ಅಚ್ಚಿನ ಆಕಾರ ನೋಡಿಯೇ ಒಳಗೆ ಖರ್ಜೂರವಿದೆಯೋ, ಪಿಸ್ತಾ ಇದೆಯೋ, ಅಕ್ರೋಟ್ ಇದೆಯೋ ಎಂದು ಹೇಳುತ್ತಾರೆ.

ಬಾಳೆಹಿತ್ತಿಲು (ಚಿಕ್ಕಮಗಳೂರು)

ತಂಗಿ, ಕೆತ್ತನೆಯ ಮರದ ಅಚ್ಚು ಎಂದೊಡನೆ ನನ್ನ ಮನಸ್ಸು ಅಟ್ಟಕ್ಕೆ ಓಡಿತು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಲಗೆಗಳು ಅಲ್ಲಿವೆ: ಗಿಳಿ, ಆನೆ, ಬಾಳೆಗೊನೆ, ತುಳಸಿ ಬೃಂದಾವನ. ಅತ್ತೆಯವರು ಮದುವೆಯಾಗಿ ಬರುವಾಗ ತಂದವು. ಎರಡು ಭಾಗಗಳನ್ನು ದಾರದಿಂದ ಕಟ್ಟಿ ಪಾಕ ಸುರಿಯುವಂಥವು. ಒಂದು ಭಾಗವನ್ನಷ್ಟೇ ಬಳಸಿದರೆ ಮಾಮೂಲ್ ಒತ್ತಲು ಬರಬಹುದೇ?

ಕೋಟೆ ಪಕ್ಕದ ಮನೆ (ಚಿಕ್ಕಮಗಳೂರು)

ಹೂರಣ ತುಂಬಿದ ಉಂಡೆಗೆ ಆ ಅಚ್ಚಿನ ಆಳ ಸಾಲದು, ಅಕ್ಕ. ಗಿಳಿಯ ಕೊಕ್ಕಿನಲ್ಲಿ ಖರ್ಜೂರ ನಿಲ್ಲುವುದು ಹೇಗೆ?

ಗೋಥೆನ್‌ಬರ್ಗಿನಿಂದ ಮರಳಿದವಳು (ಹಾಸನ)

ಆ ಅಚ್ಚುಗಳಿಗೆ ತಕ್ಕ ಬಿಸ್ಕತ್ತು ಬೇರೆಯೇ ಇದೆ. ನೆದರ್‌ಲೆಂಡ್ಸಿನ ಸ್ಪೆಕುಲಾಸ್. ಡಿಸೆಂಬರ್ 5 ಮತ್ತು 6ರಂದು ಬರುವ ಸಂತ ನಿಕೋಲಸರ ಹಬ್ಬದ ತಿಂಡಿ ಅದು. ಕೆತ್ತಿದ ಮರದ ಹಲಗೆಯಲ್ಲೇ ಅದನ್ನು ಒತ್ತುತ್ತಾರೆ. ಚಕ್ಕೆ ಮುಖ್ಯ, ಅದರೊಂದಿಗೆ ಲವಂಗ, ಜಾಯಿಕಾಯಿ, ಒಣಶುಂಠಿ, ಏಲಕ್ಕಿ, ಬಿಳಿ ಮೆಣಸು. ಮಸಾಲೆ ವ್ಯಾಪಾರಕ್ಕೆಂದು ಡಚ್ಚರು ನಮ್ಮ ಕರಾವಳಿಗಳನ್ನು ಸುತ್ತಿದ್ದರ ನೆನಪು ಅದರ ಒಂದೊಂದು ತುಣುಕಿನಲ್ಲೂ ಇದೆ. ಮೈದಾ 250 ಗ್ರಾಂ, ಬೆಣ್ಣೆ 150 ಗ್ರಾಂ, ಕಂದು ಸಕ್ಕರೆ 125 ಗ್ರಾಂ, ಮಸಾಲೆ ಪುಡಿ ಎರಡು ಚಮಚ, ಚಿಟಿಕೆ ಉಪ್ಪು, ಎರಡು ಮೂರು ಚಮಚ ಹಾಲು. ಕಲಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು.

ಬೇಕರಿ ಮನೆತನ (ಹಾಸನ)

ಕೆತ್ತನೆ ಸ್ಪಷ್ಟವಾಗಿ ಉಳಿಯಬೇಕಾದರೆ ಸೋಡಾ ಹಾಕಬೇಡಿ, ಅಥವಾ ಚಿಟಿಕೆಗಿಂತ ಹೆಚ್ಚು ಬೇಡ. ಉಬ್ಬಿದರೆ ಗಿಳಿ ಕೋಳಿಯಾಗುತ್ತದೆ. ಕಂದು ಸಕ್ಕರೆ ಸಿಗದಿದ್ದರೆ 115 ಗ್ರಾಂ ಸಕ್ಕರೆ ಪುಡಿಗೆ ಎರಡು ಸಣ್ಣ ಚಮಚ ಜೋನಿ ಬೆಲ್ಲ (ಪಾಕದಂತಿರುವ ನೀರು ಬೆಲ್ಲ) ಹಾಕಿ ಕೈಯಿಂದ ಉಜ್ಜಿರಿ.

ಅರಸೀಕೆರೆ ತೆಂಗು

ಜೋನಿ ಬೆಲ್ಲದ ಮಾತು ಬಂದದ್ದರಿಂದ ನನ್ನದೊಂದು ಸೇರ್ಪಡೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಏಪ್ರಿಲ್ 25ರಂದು, ತಮ್ಮ ಸೈನಿಕರ ನೆನಪಿನ ದಿನದಂದು, ಆನ್ಜಾಕ್ ಬಿಸ್ಕತ್ತು ಎಂಬುದನ್ನು ತಿನ್ನುತ್ತಾರೆ. ಓಟ್ಸ್, ಕೊಬ್ಬರಿ, ಮೈದಾ, ಸಕ್ಕರೆ, ಬೆಣ್ಣೆ, ಗೋಲ್ಡನ್ ಸಿರಪ್ ಎಂಬ ಸಕ್ಕರೆ ಪಾಕ, ಅಡುಗೆ ಸೋಡಾ. ಮೊಟ್ಟೆಯಿಲ್ಲ, ಅದನ್ನು ಹಿಡಿದು ಕೂಡಿಸುವುದೇ ಆ ಪಾಕ. ನಾನು ಪಾಕದ ಬದಲು ಜೋನಿ ಬೆಲ್ಲ ಹಾಕಿದೆ, ಡಬ್ಬಿಯಲ್ಲಿ ಬರುವ ಕೊಬ್ಬರಿ ಪುಡಿಯ ಬದಲು ನಮ್ಮ ಅಂಗಳದ ಗಿಟುಕನ್ನು, ಎಂದರೆ ಒಣಕೊಬ್ಬರಿಯನ್ನು, ತುರಿದು ಹಾಕಿದೆ. ಗಿಟುಕಿನಲ್ಲಿ ಎಣ್ಣೆ ಹೆಚ್ಚು, ಹಾಗಾಗಿ 125 ಗ್ರಾಂ ಬೆಣ್ಣೆಯನ್ನು 100ಕ್ಕೆ ಇಳಿಸಿದೆ. ಬೆಣ್ಣೆ ಮತ್ತು ಬೆಲ್ಲವನ್ನು ಕರಗಿಸಿ, ಒಂದು ಚಮಚ ಕುದಿಯುವ ನೀರಿನಲ್ಲಿ ಕಲಸಿದ ಸೋಡಾ ಹಾಕಿದೊಡನೆ ಇಡೀ ಪಾತ್ರೆ ನೊರೆನೊರೆಯಾಗಿ ಏಳುತ್ತದೆ, ದೊಡ್ಡ ಪಾತ್ರೆ ಇಟ್ಟುಕೊಳ್ಳಿ. ನಾನು ಚಿಕ್ಕದಿಟ್ಟುಕೊಂಡಿದ್ದೆ.

ನಿವೃತ್ತ ರಸಾಯನ ಮೇಷ್ಟ್ರು (ಹಾಸನ)

ಬೆಲ್ಲದ ಹುಳಿಯಂಶಕ್ಕೆ ಸೋಡಾ ತಾಗಿದ್ದರಿಂದ ನೊರೆ. ಸೋಡಾದ ಕ್ಷಾರ ಹೆಚ್ಚಿದಷ್ಟೂ ಬಿಸ್ಕತ್ತು ಬೇಗ ಕಂದಾಗುತ್ತದೆ. 160 ಡಿಗ್ರಿಯನ್ನು ದಾಟಬೇಡಿ.

ಗೋಥೆನ್‌ಬರ್ಗಿನಿಂದ ಮರಳಿದವಳು (ಹಾಸನ)

ಬೇಕರಿಯವರಿಗೆ ಒಂದು ಪ್ರಶ್ನೆ. ಸ್ವೀಡನ್ನಿನಲ್ಲಿ ಅತಿಥಿಗಳಿಗೆ ಕಾಫಿಯ ಜೊತೆ ಏಳು ಬಗೆಯ ಬಿಸ್ಕತ್ತು ಇಡುವ ಹಳೆಯ ಪದ್ಧತಿಯಿದೆ. ಆ ಏಳರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಡ್ರೊಮ್ಮರ್, ಎಂದರೆ ಕನಸುಗಳು. ಬೆಣ್ಣೆ, ಎಣ್ಣೆ, ಸಕ್ಕರೆ, ವೆನಿಲ್ಲಾ, ಮೈದಾ, ಮೊಟ್ಟೆಯಿಲ್ಲ. ಬಾಯಿಗಿಟ್ಟರೆ ಗಾಳಿಯಂತೆ ಕರಗುತ್ತದೆ. ಅದರ ಗುಟ್ಟು 'ಜಿಂಕೆ ಕೊಂಬಿನ ಉಪ್ಪು' ಎಂಬ ಪುಡಿ. ಅದು ಇಲ್ಲಿ ಸಿಗದೆ, ಬೇಕಿಂಗ್ ಪೌಡರ್ ಹಾಕಿ ಮಾಡಿದಾಗಲೆಲ್ಲ ಅದು ಕನಸಾಗದೆ ಬರೀ ಬಿಸ್ಕತ್ತಾಗಿಯೇ ಉಳಿಯುತ್ತಿದೆ.

ಬೇಕರಿ ಮನೆತನ (ಹಾಸನ)

ಅಕ್ಕ, ತಾವು ಹಾಸನದಲ್ಲಿದ್ದುಕೊಂಡು ಇದು ಸಿಗದೆಂದು ಕೊರಗುತ್ತಿರುವುದು ತಮಾಷೆಯಾಗಿದೆ. ನಮ್ಮ ಬಿಸ್ಕತ್ತು ಹಾಕುವವರು 'ಅಮೋನಿಯ' ಎನ್ನುವುದು ಅದನ್ನೇ: ಅಮೋನಿಯಂ ಬೈಕಾರ್ಬನೇಟ್. ಹಿಂದೆ ಅದನ್ನು ಜಿಂಕೆಯ ಕೊಂಬಿನಿಂದ ಇಳಿಸುತ್ತಿದ್ದರಂತೆ, ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಆದ್ದರಿಂದ ಬಾಳೆಹಿತ್ತಿಲಿನ ಅಜ್ಜಿಯವರಿಗೂ ಅಡ್ಡಿಯಿಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ, ತಿನ್ನುವ ದರ್ಜೆಯದು ಎಂದು ಖಚಿತಪಡಿಸಿಕೊಂಡು ಕೊಳ್ಳಿ. ಬಿಸಿ ತಾಗಿದರೆ ಅದು ಅಮೋನಿಯ, ಇಂಗಾಲದ ಡೈಆಕ್ಸೈಡ್ ಮತ್ತು ಹಬೆಯಾಗಿ ಪೂರ್ತಿ ಹಾರಿಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಅದಕ್ಕೇ ಆ ಹಗುರ. ಆದರೆ ತೆಳುವಾದ, ಒಣಗಿದ ಬಿಸ್ಕತ್ತಿಗೆ ಮಾತ್ರ. ಬನ್ನಿಗೋ ಕೇಕಿಗೋ ಹಾಕಿದರೆ ವಾಸನೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇಯುವಾಗ ಓವನ್ನಿನ ಬಾಗಿಲು ತೆರೆದು ಮುಖವೊಡ್ಡಬೇಡಿ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡದಿದ್ದರೆ ತಿಂಗಳೊಪ್ಪತ್ತಿನಲ್ಲಿ ಡಬ್ಬಿ ಮಾತ್ರ ಇರುತ್ತದೆ.

ಗೋಥೆನ್‌ಬರ್ಗಿನಿಂದ ಮರಳಿದವಳು (ಹಾಸನ)

ಮೂರು ವರ್ಷ ನಾನು ಆ ಅಂಗಡಿಯ ಮುಂದೆಯೇ ತರಕಾರಿಗೆ ಹೋಗುತ್ತಿದ್ದೇನೆ.

ಏಲಕ್ಕಿ ಗುಡ್ಡ (ಸಕಲೇಶಪುರ)

ಏಲಕ್ಕಿ ಬನ್ನು ಮಾಡಿದೆ. ಮೊದಲ ದಿನ ಹತ್ತಿಯಂತಿತ್ತು, ಮರುದಿನ ಬೆಳಿಗ್ಗೆ ಗಟ್ಟಿಯಾಯಿತು. ಅಂಗಡಿಯ ಬನ್ನು ನಾಲ್ಕು ದಿನ ಮೆತ್ತಗಿರುವುದು ಹೇಗೆ?

ನಿವೃತ್ತ ರಸಾಯನ ಮೇಷ್ಟ್ರು (ಹಾಸನ)

ಅಂಗಡಿಯವರ ವಿಧಾನ ಅಂಗಡಿಯವರಿಗೆ. ಮನೆಯಲ್ಲಿ ಮಾಡಬಹುದಾದ್ದು ಜಪಾನ್ ಮತ್ತು ಚೀನಾ ಕಡೆಯ ಹಾಲಿನ ಬ್ರೆಡ್ಡಿನ ಉಪಾಯ. ಒಟ್ಟು ಹಿಟ್ಟಿನಲ್ಲಿ 20 ಗ್ರಾಂ ತೆಗೆದು 100 ಗ್ರಾಂ ಹಾಲಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ 65 ಡಿಗ್ರಿಗೆ ಬರುವವರೆಗೆ, ಎಂದರೆ ಚಮಚದ ಜಾಡು ಉಳಿಯುವ ಗಂಜಿಯಾಗುವವರೆಗೆ ಕಾಯಿಸಿ, ಆರಿಸಿ, ಉಳಿದ ಹಿಟ್ಟಿಗೆ ಸೇರಿಸುವುದು. ಇದನ್ನು ತಂಗ್‌ಝಾಂಗ್ ಎನ್ನುತ್ತಾರೆ. ಆ 100 ಗ್ರಾಂ ಹಾಲನ್ನು ಒಟ್ಟು ಹಾಲಿನ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ. ಬೆಂದ ಪಿಷ್ಟ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುವುದರಿಂದ ಬನ್ನು ಮೂರು ದಿನ ಮೆತ್ತಗಿರುತ್ತದೆ. ಹಿಟ್ಟನ್ನು ಬಿಸಿನೀರಿನಲ್ಲಿ ಉಕ್ಕರಿಸಿ ಅಕ್ಕಿರೊಟ್ಟಿ ತಟ್ಟುವ ಮಲೆನಾಡಿನವರು ತಾವು. ಅಕ್ಕಿಗೆ ಜಿಗುಟು ಬರುವುದೂ, ರೊಟ್ಟಿ ತಣ್ಣಗಾದರೂ ಮಡಚಲು ಬರುವುದೂ ಇದೇ ಕಾರಣಕ್ಕೆ.

ದೂರದ ಸೊಸೆ (ಅರಕಲಗೂಡು)

ನನಗೆ ಈ ಚರ್ಚೆಯ ಮೂಲದ ಬಗ್ಗೆಯೇ ಭಿನ್ನಾಭಿಪ್ರಾಯವಿದೆ. ಮೊಟ್ಟೆಯಿಲ್ಲದವನ್ನೇ ಆಯ್ದರೆ ಫ್ರಾನ್ಸಿನ ಬ್ರಿಯೋಶ್, ಯಹೂದಿಗಳ ಹಲ್ಲಾ, ಇಟಲಿಯ ಪನೆಟೊನೆ ಎಲ್ಲವೂ ಹೊರಗುಳಿಯುತ್ತವೆ. ಸಿಹಿ ಬ್ರೆಡ್ಡುಗಳಲ್ಲಿ ಅರ್ಧ ಲೋಕವನ್ನೇ ಬಿಟ್ಟಂತಾಗುವುದಿಲ್ಲವೇ?

ಬಾಳೆಹಿತ್ತಿಲು (ಚಿಕ್ಕಮಗಳೂರು)

ಬಿಟ್ಟಂತಾಗುತ್ತದೆ, ಒಪ್ಪುತ್ತೇನೆ. ಬ್ರಿಯೋಶ್ ಎಂದರೆ ಬೆಣ್ಣೆ ಮತ್ತು ಮೊಟ್ಟೆಯೇ. ಮೊಟ್ಟೆ ತೆಗೆದು ಮಾಡಿ ಅದಕ್ಕೆ ಬ್ರಿಯೋಶ್ ಎಂಬ ಹೆಸರಿಡುವುದು, ಬೇಳೆಯಿಲ್ಲದ ಹೂರಣಕ್ಕೆ ಹೋಳಿಗೆಯೆಂದು ಹೆಸರಿಟ್ಟಂತೆ. ಅದನ್ನು ಅದರ ಊರಿನಲ್ಲೇ ಯಾರಾದರೂ ಚೆನ್ನಾಗಿ ಮಾಡಲಿ. ಹಲ್ಲಾದ ವಿಷಯ ಹಾಗಲ್ಲ. ಮೊಟ್ಟೆಯಿಲ್ಲದೆ ನೀರಿನಲ್ಲೇ ಕಲಸುವ ಹಲ್ಲಾ ಕೂಡ ಯಹೂದಿಗಳಲ್ಲೇ ಇದೆ. ಮಾಂಸದೂಟದ ಜೊತೆ ಹಾಲಿನ ಪದಾರ್ಥ ಕೂಡದೆಂಬ ಅವರ ನೇಮದಿಂದಾಗಿ ಅದಕ್ಕೆ ಬೆಣ್ಣೆ ಬೀಳುವುದಿಲ್ಲ, ಎಣ್ಣೆ ಮಾತ್ರ. ಶುಕ್ರವಾರ ಸಂಜೆ ಎರಡು ಹಲ್ಲಾಗಳನ್ನು ಬಟ್ಟೆ ಮುಚ್ಚಿ ಇಡುತ್ತಾರೆ. ಅತ್ತೆಯವರು ಇದನ್ನು ಕೇಳಿ, "ಅವರಿಗೂ ಮಡಿ ಇದೆ ಅನ್ನು" ಎಂದು ಸಮಾಧಾನಪಟ್ಟುಕೊಂಡರು. ಮೂರೆಳೆಯ ಜಡೆ ನಾನೇ ಹೆಣೆದೆ. ಆರೆಳೆಯದನ್ನು ಮೊಗ್ಗಿನ ಜಡೆ ಹಾಕಿ ಪಳಗಿದ ಅವರ ಕೈಯೇ ಹೆಣೆಯಿತು.

ದೂರದ ಸೊಸೆ (ಅರಕಲಗೂಡು)

ಹೋಳಿಗೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಕಾಯಿ ಹೋಳಿಗೆ ಎಂಬುದೊಂದಿದೆ ಎಂದು ಮಾತ್ರ ನೆನಪಿಸುತ್ತೇನೆ.

ಏಲಕ್ಕಿ ಗುಡ್ಡ (ಸಕಲೇಶಪುರ)

ಗಂಜಿ ಸೇರಿಸಿ ಮತ್ತೆ ಮಾಡಿದೆ, ಹಿಟ್ಟು ಸೊಗಸಾಗಿ ಉಬ್ಬಿತು. ಓವನ್ ಹಾಕುವ ಹೊತ್ತಿಗೆ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಹೋದ ಕರೆಂಟು ಎಂದು ಬರುವುದೆಂದು ಕೇಳುವ ಹಾಗಿಲ್ಲ. ಹದಿನಾರು ಬನ್ನುಗಳು ತಟ್ಟೆಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದವು. ಚೀನಾದವರು ಇಂಥ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಮಂಟೌ ಎಂಬ ಬನ್ನು ಮಾಡುತ್ತಾರೆಂದು ಮಗ ಹೇಳಿದ. ಇಡ್ಲಿ ಪಾತ್ರೆಯಲ್ಲಿ ಬಾಳೆಲೆ ಹಾಸಿ ಗ್ಯಾಸಿನ ಮೇಲೆ ಹದಿನೈದು ನಿಮಿಷ ಬೇಯಿಸಿದೆವು. ಬೆಳ್ಳಗೆ, ಮೃದುವಾಗಿ, ಒಳಗೆ ಏಲಕ್ಕಿ ಬೆಣ್ಣೆಯೊಂದಿಗೆ ಬಹಳ ಚೆನ್ನಾಗಿದ್ದವು. ಅವು ಸ್ವೀಡನ್ನಿನವೂ ಅಲ್ಲ, ಚೀನಾದವೂ ಅಲ್ಲ. ತಮ್ಮ ಪಟ್ಟಿಯಲ್ಲಿ ಎಲ್ಲಿಗೆ ಸೇರಿಸುವಿರೋ ತಮಗೆ ಬಿಟ್ಟದ್ದು.

ಬಾಳೆಹಿತ್ತಿಲು (ಚಿಕ್ಕಮಗಳೂರು)

ಹನ್ನೆರಡು ದಿನಗಳ ವರದಿ. ಓಟ್ಸ್ ಬಿಸ್ಕತ್ತು ತೂಕ ಹಾಕಿ, ತುಪ್ಪ ಬಳಸಿ, ತಣಿಸಿ ಮಾಡಿದ ಮೇಲೆ ಹನ್ನೆರಡಕ್ಕೆ ಹನ್ನೆರಡೂ ಬೇರೆಬೇರೆಯಾಗಿಯೇ ಬಂದವು. ಮಾಮೂಲ್ ಮೊದಲ ಸಲವೇ ಸರಿಹೋಯಿತು. ಕೋಟೆ ಪಕ್ಕದ ತಂಗಿ ತನ್ನ ಅಚ್ಚನ್ನು ಎರವಲು ಕೊಟ್ಟಿದ್ದಳು, ಹಿಂದಿರುಗಿಸುವಾಗ ಡಬ್ಬಿ ತುಂಬಿಯೇ ಕಳುಹಿಸಿದ್ದೇನೆ.

ಸ್ಪೆಕುಲಾಸ್ ಮಾತ್ರ ಮೊದಲು ಕೆಟ್ಟಿತು. ಸಕ್ಕರೆ ಅಚ್ಚನ್ನು ಪಾಕ ಸುರಿಯುವ ಮುನ್ನ ನೀರಿನಲ್ಲಿ ನೆನೆಸುವುದು ನಮ್ಮ ರೂಢಿ, ಇಲ್ಲದಿದ್ದರೆ ಪಾಕ ಮರಕ್ಕೆ ಹಿಡಿಯುತ್ತದೆ. ಅದೇ ಅಭ್ಯಾಸದಿಂದ ರಾತ್ರಿಯೇ ನೆನೆಹಾಕಿದೆ. ಹಿಟ್ಟು ಒದ್ದೆ ಮರಕ್ಕೆ ಅಂಟಿಕೊಂಡು ಆನೆಯ ಸೊಂಡಿಲು, ಬಾಳೆಗೊನೆ ಎಲ್ಲವೂ ಒಳಗೇ ಉಳಿದವು. ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. ಎರಡು ದಿನ ನೆರಳಿನಲ್ಲಿ ಒಣಗಿಸಿ, ಈ ಸಲ ಅಕ್ಕಿಹಿಟ್ಟು ಉದುರಿಸಿ ಕೊಡವಿ, ಫ್ರಿಜ್ಜಿನಿಂದ ತೆಗೆದ ಗಟ್ಟಿ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿ, ಹೆಚ್ಚಿನದನ್ನು ಚಾಕುವಿನಿಂದ ಹೆರೆದು, ಬೋರಲು ಮಾಡಿ ಬಡಿದೆ. ಗರಿಗಳ ಗೆರೆ ಸಹಿತ ಗಿಳಿ ಉದುರಿತು. 170 ಡಿಗ್ರಿ, ಹದಿನೆಂಟು ನಿಮಿಷ. ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅದು ಅವರ ತಾಯಿ ಕೊಡಿಸಿದ್ದ ಅಚ್ಚಂತೆ. ಕೊಕ್ಕು ಮಾತ್ರ ತೆಳುವಾದ್ದರಿಂದ ಸ್ವಲ್ಪ ಸೀದಿದೆ. ಅದನ್ನು ತಪ್ಪಿಸಲು ಬೇಕರಿಯವರ ಬಳಿ ಉಪಾಯವೇನಾದರೂ ಇದೆಯೇ?

ಬೇಕರಿ ಮನೆತನ (ಹಾಸನ)

ಗಿಳಿಗಳನ್ನು ತಟ್ಟೆಯಲ್ಲಿ ಕೊಕ್ಕು ಒಳಮುಖವಾಗುವಂತೆ ಜೋಡಿಸಿರಿ, ಅಮ್ಮ. ಓವನ್ನಿನ ಗೋಡೆಯ ಕಡೆಗೆ ಬಾಲವಿರಲಿ.